ಪಕ್ಕದ ಮನೆಯ ನಾಸ್ತಿಕರು

ಗುಜರಾತಿಗೆ ಬಂದಿಳಿದವರ ಕಿವಿಗೆ ಮೊದಲು ಬೀಳುವುದು ‘ಕೇಮ್ ಛೋ’. ಹೇಗಿದ್ದೀರಿ ಅಂತ. ‘ಮಜಾ ಮಾ’ ಅಂದರೆ ಆಯಿತು. ಮನೆಯಲ್ಲಿ ಎಷ್ಟೇ ಜ್ವರ ಕೆಮ್ಮು ಇದ್ದರೂ ಉತ್ತರ ಅದೇ. ಎರಡನೆಯ ಪ್ರಶ್ನೆ ತುಸು ಪರಿಚಯವಾದ ಮೇಲೆ ಬರುತ್ತದೆ: ‘ತಮೇ ಕೇವಾ?’ ಅಂದರೆ ‘ನೀವು ಎಂಥವರು?’ ನಮ್ಮ ಕಡೆಯಿಂದ ಹೊಸದಾಗಿ ಬಂದ ಹುಡುಗರು ತಮ್ಮ ಗುಣನಡತೆಯ ವಿಚಾರಣೆ ನಡೆಯುತ್ತಿದೆ ಎಂದುಕೊಂಡು ‘ಸೀದಾ ಸಾದಾ ಮನುಷ್ಯ’ ಎಂದೆಲ್ಲ ಹೇಳಿಕೊಳ್ಳುವುದುಂಟು. ಅವರು ಕೇಳಿದ್ದು ಜಾತಿಯನ್ನು. ಪಟೇಲರೋ, ವಾಣಿಯಾಗಳೋ, ಲೋಹಾಣಾಗಳೋ ಎಂದು. ಬಸ್ಸಿನಲ್ಲಿ ಪಕ್ಕ ಕೂತವರು ‘ಯಾವೂರಾಯ್ತು’ ಅಂದಷ್ಟೇ ಸಲೀಸಾಗಿ ಕೇಳಿಬಿಡುತ್ತಾರೆ.

ವಡೋದರೆಯ ಮಾಂಜಲ್‌ಪುರದಲ್ಲಿ ನಮ್ಮ ಕಾಂಪೌಂಡ್ ಗೋಡೆಯಾಚೆ ಇರುವ ರಾಯರು ಧಾರವಾಡದವರು. ರೈಲ್ವೆಯಲ್ಲಿದ್ದು ರಿಟೈರಾಗಿ ಇಲ್ಲೇ ನಿಂತವರು. ಅವರ ಮನೆಯಲ್ಲಿ ಇಬ್ಬರು ರಾಯರು. ಒಬ್ಬರು ಮಂತ್ರಾಲಯದವರು, ಗೋಡೆಯ ಮೇಲೆ ಇದ್ದಾರೆ, ಪ್ರತಿ ಗುರುವಾರ ಮನೆಯೊಡತಿ ವೈನಿಯ ಕೈಯಿಂದ ಮಂಗಳಾರತಿ ಪಡೆಯುತ್ತಾರೆ. ಇನ್ನೊಬ್ಬರು ಪಡಸಾಲೆಯ ಹೀಂಚಕೋ ಮೇಲೆ ಇದ್ದಾರೆ, ಅದೇ ವೈನಿಯ ಬಾಯಿಂದ ವಾರದ ಏಳೂ ದಿನ ಬೈಗುಳ ಪಡೆಯುತ್ತಾರೆ. ಹೀಂಚಕೋ ಅಂದರೆ ಗುಜರಾತಿನ ತೂಗುಮಂಚ. ಅದಿಲ್ಲದ ಮನೆಗೆ ಇಲ್ಲಿ ಮನೆಯ ಕಳೆಯೇ ಇಲ್ಲ. ಈ ಹೀಂಚಕೋ ರಾಯರು ‘ತಮೇ ಕೇವಾ’ ಅಂದವರಿಗೆಲ್ಲ ಒಂದೇ ಉತ್ತರ ಕೊಡುತ್ತಾರೆ: ‘ನಾಸ್ತಿಕ.’

ಹಿಂದೊಮ್ಮೆ ಮನೆ ತೋರಿಸಲು ಬಂದ ದಲಾಲನಿಗೂ ಹಾಗೇ ಅಂದರಂತೆ. ಅವನು ಒಂದು ಗಳಿಗೆ ಯೋಚಿಸಿ, ‘ಎ ತೋ ಠೀಕ್, ಪಣ್ ವೆಜಿಟೇರಿಯನ್ ನೇ?’ ಅಂದನಂತೆ. ಅದೆಲ್ಲ ಸರಿ, ಆದರೆ ಸಸ್ಯಾಹಾರಿ ತಾನೆ? ರಾಯರಿಗೆ ಇವತ್ತಿಗೂ ಅದರ ಬೇಜಾರು ಹೋಗಿಲ್ಲ. ‘ಅಲ್ರೀ, ದೇವರನ್ನ ಇಲ್ಲ ಅಂದೀನಿ, ಅದಕ್ಕ ಮನಷಾ ಹುಬ್ಬು ಸೈತ ಏರಸಲಿಲ್ಲ. ಮೊಟ್ಟಿ ತಿಂತೀನಿ ಅಂದಿದ್ರ ಗೇಟಿನಿಂದ ಹೊರಗ ಹಾಕ್ತಿದ್ದ!’

ಈ ಮಾತು ಗೋಡೆಯ ಮೇಲೆ ಕೈಯೂರಿಕೊಂಡು ನಡೆಯುತ್ತಿದ್ದ ಸಂಜೆ ಎದುರು ಮನೆಯ ಮಾಸಿ ಬಂದರು. ಜೈನರು. ನೀರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಅವರ ಹೊಸ್ತಿಲು ದಾಟುವುದಿಲ್ಲ. ಚೋಮಾಸು, ಅಂದರೆ ಮಳೆಗಾಲ, ಬಂತೆಂದರೆ ಸೊಪ್ಪೂ ಇಲ್ಲ. ಕುಡಿಯುವುದು ಕುದಿಸಿ ಆರಿಸಿದ ನೀರು. ಸೂರ್ಯ ಮುಳುಗಿದ ಮೇಲೆ ತುಟಿಗೆ ಒಂದು ಹನಿಯೂ ತಾಗದಂತೆ ಚೋವಿಹಾರ. ಪರ್ಯುಷಣದಲ್ಲಿ ಎಂಟು ದಿನ ಉಪವಾಸ ಮಾಡಿ ಒಂಬತ್ತನೆಯ ದಿನ ನಮ್ಮ ಮನೆ ಬಾಗಿಲಿಗೆ ಬಂದು ‘ಮಿಚ್ಛಾಮಿ ದುಕ್ಕಡಂ’ ಎಂದು ಕ್ಷಮೆ ಕೇಳಿ ಕೈಮುಗಿಯುವವರು. ಈ ಮಾಸಿಯನ್ನು ನೋಡಿದ್ದೇ ರಾಯರಿಗೆ ಕಿಡಿಗೇಡಿ ಬುದ್ಧಿ ಬಂತು. ‘ಮಾಸಿ, ನಮ್ಮ ಮನುವಿನ ಲೆಕ್ಕದಲ್ಲಿ ನೀವೂ ನಾಸ್ತಿಕರೇ’ ಎಂದು ತಮ್ಮ ರೈಲ್ವೆ ಗುಜರಾತಿಯಲ್ಲಿ ಹೇಳಿಬಿಟ್ಟರು.

ಮಾಸಿ ಕೋಪಿಸಿಕೊಳ್ಳಲಿಲ್ಲ. ‘ಯಾವ ಮನುಭಾಯಿ? ಮೂರನೇ ಗಲ್ಲಿಯವರಾ?’ ಅಂದರು.

ಗುಜರಾತಿನಲ್ಲಿ ಗಲ್ಲಿಗೊಬ್ಬ ಮನುಭಾಯಿ ಇರುತ್ತಾನೆ, ಹಾಗಾಗಿ ಪ್ರಶ್ನೆ ನ್ಯಾಯವಾದದ್ದೇ. ಆದರೆ ರಾಯರು ಹೇಳಿದ್ದೂ ಸುಳ್ಳಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯ ನಾಸ್ತಿಕನೆಂದರೆ ವೇದವನ್ನು ನಿಂದಿಸುವವನು ಎನ್ನುತ್ತದೆ. ದೇವರ ಸುದ್ದಿಯೇ ಅಲ್ಲಿಲ್ಲ. ವೇದ ಪ್ರಮಾಣವೆಂದು ಒಪ್ಪಿದರೆ ಸಾಕು, ಜಗತ್ತನ್ನು ಸೃಷ್ಟಿಸಿದ ದೇವರೊಬ್ಬನಿದ್ದಾನೆ ಎಂದು ನಂಬದಿದ್ದರೂ ನಡೆಯುತ್ತದೆ. ಹಳೆಯ ಮೀಮಾಂಸಕರು ಹಾಗೇ ಇದ್ದರು, ಸಾಂಖ್ಯರೂ ಅಷ್ಟೆ. ಸೃಷ್ಟಿಕರ್ತನಿಗೆ ಅವರ ಶಾಸ್ತ್ರದಲ್ಲಿ ಕೆಲಸವೇ ಇರಲಿಲ್ಲ. ಆದರೂ ಅವರು ಪಕ್ಕಾ ಆಸ್ತಿಕರು. ಅತ್ತ ಬೆಳಗಿನಿಂದ ಸಂಜೆಯವರೆಗೆ ದೇರಾಸರದ, ಅಂದರೆ ಜೈನ ಗುಡಿಯ, ಮೆಟ್ಟಿಲು ಹತ್ತಿಳಿಯುವ ಮಾಸಿ ನಾಸ್ತಿಕರು. ನಾವೆಲ್ಲ ಈಗ ‘ದೇವರನ್ನು ನಂಬದವ’ ಎಂಬ ಅರ್ಥದಲ್ಲಿ ಬಳಸುವ ಮಾತಿಗೆ ಹುಟ್ಟಿದಾಗ ದೇವರ ಗೊಡವೆಯೇ ಇರಲಿಲ್ಲ ಎಂದರೆ ಎಷ್ಟೋ ಜನ ನಂಬುವುದಿಲ್ಲ.

ಮನುವಿಗಿಂತ ಹಿಂದಿನ ಪಾಣಿನಿಯ ಹತ್ತಿರ ಹೋದರೆ ಇನ್ನೂ ಸ್ವಾರಸ್ಯವಿದೆ. ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ ಒಂದೇ ಸೂತ್ರದಲ್ಲಿ ಮೂರು ಪದ ತಯಾರಾಗುತ್ತವೆ: ಆಸ್ತಿಕ, ನಾಸ್ತಿಕ, ದೈಷ್ಟಿಕ. ‘ಇದೆ’ ಎಂಬ ಬುದ್ಧಿಯವನು, ‘ಇಲ್ಲ’ ಎಂಬ ಬುದ್ಧಿಯವನು, ಎಲ್ಲ ಹಣೆಬರಹ ಎಂಬ ಬುದ್ಧಿಯವನು. ಮೂರನೆಯವನ ಮಾತು ಬಿಡಿ, ಅವನು ಎಲ್ಲ ಊರಿನಲ್ಲೂ ಬಹುಮತದಲ್ಲಿದ್ದಾನೆ. ಮೊದಲಿಬ್ಬರದು ತಂಟೆ. ಇದೆ ಅಂದರೆ ಏನಿದೆ? ಇಲ್ಲ ಅಂದರೆ ಏನಿಲ್ಲ? ಪಾಣಿನಿ ಹೇಳುವುದಿಲ್ಲ. ನಮ್ಮಲ್ಲಿ ಕದ ತಟ್ಟಿದವರಿಗೆ ಒಳಗಿನಿಂದ ‘ಇಲ್ಲಾ’ ಅಂದರೆ ಯಜಮಾನರು ಇಲ್ಲವೋ, ಚಿಲ್ಲರೆ ಇಲ್ಲವೋ, ಹಳೇ ಪೇಪರು ಇಲ್ಲವೋ ನಿಂತವನೇ ಊಹಿಸಿಕೊಳ್ಳಬೇಕು. ಪಾಣಿನಿಯ ನಾಸ್ತಿಕನೂ ಅಂಥವನು.

ಭಾಷ್ಯ ಬರೆದ ಪತಂಜಲಿ ಇಲ್ಲಿ ನಿಂತು ಒಂದು ತಮಾಷೆ ಮಾಡುತ್ತಾನೆ. ‘ಮತಿ ಉಳ್ಳವನು ಆಸ್ತಿಕ’ ಎಂದು ಸೂತ್ರವನ್ನು ಓದಿದರೆ ಕಳ್ಳನೂ ಆಸ್ತಿಕನಾಗಬೇಕಾಗುತ್ತದಲ್ಲ, ಅವನಿಗೂ ಬುದ್ಧಿ ಇದೆ ತಾನೆ ಎಂದು ಕೇಳುತ್ತಾನೆ. ಆಮೇಲೆ ತಾನೇ ಸರಿಮಾಡಿ, ಬುದ್ಧಿ ಇದ್ದರೆ ಸಾಲದು, ‘ಇದೆ’ ಎಂಬ ಬುದ್ಧಿ ಇರಬೇಕು ಎನ್ನುತ್ತಾನೆ. ಏನಿದೆ ಎಂಬುದನ್ನು ಅವನೂ ಹೇಳಲಿಲ್ಲ. ಆ ಜಾಗವನ್ನು ತುಂಬಿದ್ದು ಎಷ್ಟೋ ಶತಮಾನ ಕಳೆದು ಬಂದ ಕಾಶಿಕಾವೃತ್ತಿ: ಪರಲೋಕ ಇದೆ ಎನ್ನುವವನು ಆಸ್ತಿಕ. ಈ ಅರ್ಥಕ್ಕೆ ಬಂದರೆ ಮಾಸಿ ಮತ್ತೆ ಆಸ್ತಿಕರಾಗುತ್ತಾರೆ. ಕರ್ಮ, ಪುನರ್ಜನ್ಮ, ಮೋಕ್ಷ ಎಲ್ಲದರ ಲೆಕ್ಕವನ್ನೂ ಅವರಷ್ಟು ಚೊಕ್ಕವಾಗಿ ಇಟ್ಟವರು ಯಾರಿದ್ದಾರೆ? ಒಂದೇ ಸಂಜೆ ಗೇಟಿನ ಹತ್ತಿರ ನಿಂತಲ್ಲೇ ಮಾಸಿ ನಾಸ್ತಿಕರಾಗಿ, ಆಸ್ತಿಕರಾಗಿ, ಕತ್ತಲಾಗುವ ಮುಂಚೆ ಊಟ ಮುಗಿಸಬೇಕೆಂದು ಮನೆಗೆ ಹೊರಟರು.

ಈ ಬೈಗುಳವನ್ನು ಜೈನರು ಸುಮ್ಮನೆ ಕೇಳಿಸಿಕೊಂಡು ಕೂತವರಲ್ಲ. ಎಂಟನೆಯ ಶತಮಾನದ ಹರಿಭದ್ರಸೂರಿ ‘ಷಡ್ದರ್ಶನಸಮುಚ್ಚಯ’ ಬರೆದಾಗ ಬೌದ್ಧ, ನ್ಯಾಯ, ಸಾಂಖ್ಯ, ಜೈನ, ವೈಶೇಷಿಕ, ಮೀಮಾಂಸೆ ಇಷ್ಟನ್ನೂ ಆಸ್ತಿಕರ ಪಂಕ್ತಿಯಲ್ಲಿ ಕೂರಿಸಿದ. ಪರಲೋಕವನ್ನೇ ಒಪ್ಪದ ಲೋಕಾಯತ, ಅಂದರೆ ಚಾರ್ವಾಕರ ಮತ, ಒಂದನ್ನು ಮಾತ್ರ ಕೊನೆಗೆ ಬೇರೆ ಎಲೆ ಹಾಕಿ ಬಡಿಸಿದ. ಅಹಮದಾಬಾದಿನ ಹತ್ತಿರದ ಧಂಧೂಕಾದಲ್ಲಿ ಹುಟ್ಟಿ, ಪಾಟಣದ ಸಿದ್ಧರಾಜ ಜಯಸಿಂಹ ಮತ್ತು ಕುಮಾರಪಾಲರ ಆಸ್ಥಾನದಲ್ಲಿ ಮೆರೆದ ಹೇಮಚಂದ್ರಾಚಾರ್ಯ ಹನ್ನೆರಡನೆಯ ಶತಮಾನದಲ್ಲಿ ‘ಅಭಿಧಾನಚಿಂತಾಮಣಿ’ ಎಂಬ ನಿಘಂಟು ಕಟ್ಟಿದ. ಅದರಲ್ಲಿ ನಾಸ್ತಿಕ ಎಂಬ ಪದಕ್ಕೆ ಜೊತೆಯಾಗಿ ಬರುವವರು ಬಾರ್ಹಸ್ಪತ್ಯ, ಚಾರ್ವಾಕ, ಲೌಕಾಯತಿಕ. ಜೈನನೂ ಇಲ್ಲ, ಬೌದ್ಧನೂ ಇಲ್ಲ. ನಿಘಂಟು ಬರೆಯುವ ಅಧಿಕಾರ ಕೈಗೆ ಬಂದರೆ ಯಾರು ತಾನೆ ಬೈಗುಳದ ಪಕ್ಕ ತಮ್ಮ ಹೆಸರು ಹಾಕಿಕೊಳ್ಳುತ್ತಾರೆ!

ನಮ್ಮ ಕನ್ನಡ ಜೈನ ಕವಿಗಳ ಹತ್ತಿರ ಹೋದರೆ ಬಾಣ ತಿರುಗಿರುತ್ತದೆ. ಅಲ್ಲಿ ಜಿನಧರ್ಮ ಒಪ್ಪದವನು ‘ಮಿಥ್ಯಾದೃಷ್ಟಿ’. ಶರಣರ ಕಾಲಕ್ಕೆ ಬಂದರೆ ಲಿಂಗವಿಲ್ಲದವನು ‘ಭವಿ’, ಅವನು ಎಂಥ ಆಚಾರವಂತ ಬ್ರಾಹ್ಮಣನಾದರೂ ಸರಿ, ಎಂಥ ಉಪವಾಸ ಬಿದ್ದ ಜೈನನಾದರೂ ಸರಿ. ಸಮುದ್ರದಾಚೆಯೂ ಬೇರೆ ಕತೆ ಇಲ್ಲ. ದೇವರಿಲ್ಲದವರು ಎಂಬ ಗ್ರೀಕರ ಬೈಗುಳವನ್ನು ರೋಮಿನವರು ಮೊದಮೊದಲ ಕ್ರೈಸ್ತರ ಮೇಲೆ ಎಸೆದರು. ಊರ ದೇವತೆಗಳಿಗೆ ಬಲಿ ಕೊಡದ ಇವರು ನಾಸ್ತಿಕರಲ್ಲದೆ ಮತ್ತೇನು ಎಂಬುದು ಅವರ ವಾದ. ಹೀಗೆ ನೋಡುತ್ತ ಹೋದರೆ ಹಳೆಯ ಕಾಲದಲ್ಲಿ ‘ನಾನು ನಾಸ್ತಿಕ’ ಎಂದು ತಾನೇ ಬೋರ್ಡು ಬರೆಸಿಕೊಂಡವನು ಸಿಗುವುದೇ ಕಷ್ಟ. ನಾಸ್ತಿಕ ಯಾವಾಗಲೂ ಪಕ್ಕದ ಮನೆಯವನು.

ಪಾಷಂಡಿ ಎಂಬ ಪದದ ಪಾಡಂತೂ ಅಯ್ಯೋ ಅನಿಸುತ್ತದೆ. ನಮ್ಮಜ್ಜಿಯ ಬಾಯಲ್ಲಿ ಅದು ಘೋರ ಬೈಗುಳ. ಜುನಾಗಢದ ಹತ್ತಿರ ಗಿರ್ನಾರಿನ ಬುಡದಲ್ಲಿ ಅಶೋಕ ಕೊರೆಸಿದ ಬಂಡೆಯಲ್ಲಿ ಇದೇ ಪದ ‘ಪಾಸಂಡ’ ಎಂಬ ರೂಪದಲ್ಲಿದೆ. ಹನ್ನೆರಡನೆಯ ಶಾಸನದಲ್ಲಿ ರಾಜ ಎಲ್ಲ ಪಾಸಂಡಗಳನ್ನೂ ಗೌರವಿಸುತ್ತೇನೆ ಎನ್ನುತ್ತಾನೆ. ತನ್ನದನ್ನು ಹೊಗಳುವಾಗಲೂ ಇನ್ನೊಬ್ಬರದನ್ನು ತೆಗಳುವಾಗಲೂ ನಾಲಿಗೆ ಬಿಗಿಹಿಡಿಯಿರಿ ಎನ್ನುತ್ತಾನೆ. ಅಲ್ಲಿ ಪಾಸಂಡ ಎಂದರೆ ಪಂಥ, ಅಷ್ಟೆ. ಯಾರ ಪಂಥವಾದರೂ ಸರಿ. ಅದೇ ಹನ್ನೆರಡನೆಯ ಶಾಸನದ ಭಾಗ ನಮ್ಮ ಕಲಬುರ್ಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿತು. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಚಾವಣಿ 1986ರಲ್ಲಿ ಕುಸಿದು ಬಿತ್ತು. ಅವಶೇಷ ತೆಗೆದಾಗ ಕಾಣಿಸಿದ್ದು ವಿಗ್ರಹದ ಪೀಠವಾಗಿದ್ದ ಚಪ್ಪಡಿ. ಅದರ ಮೈತುಂಬ ಅಶೋಕನ ಬ್ರಾಹ್ಮೀ ಅಕ್ಷರ. ವಿಗ್ರಹ ಕೂರಿಸಲು ನಡುವೆ ತೂತು ಕೊರೆದದ್ದರಿಂದ ಒಂದಿಷ್ಟು ಅಕ್ಷರ ಹೋಗಿವೆ. ಎಷ್ಟು ಕಾಲ ಅದರ ಮೇಲೆ ಅರಿಸಿನ ಕುಂಕುಮ ಬಿತ್ತೋ, ಎಷ್ಟು ಪೂಜಾರಿಗಳು ಅದರ ಮುಂದೆ ನಿಂತು ಪಾಷಂಡಿಗಳನ್ನು ಶಪಿಸಿದರೋ, ತಾಯಿ ಕಾಳಿಗೇ ಗೊತ್ತು.

‘ಮತ್ತ ನಿಜವಾದ ನಾಸ್ತಿಕರು ಎಲ್ಲಿ ಹೋದ್ರು? ಅವರು ಬರದದ್ದು ಏನೂ ಉಳದಿಲ್ಲೇನು?’ ಎಂದು ರಾಯರು ಕೇಳಿದರು. ತಮ್ಮ ಕುಲದ ಹಿರಿಯರ ವಿಚಾರ ಅಂದಮೇಲೆ ಕುತೂಹಲ ಇರುವುದೇ.

ಉಳಿದಿದೆ, ಒಂದು. ಅದು ಉಳಿದ ಬಗೆ, ಬೆಳಕಿಗೆ ಬಂದ ಬಗೆ ಎರಡೂ ಗುಜರಾತಿನದೇ ಕತೆ. ಚಾರ್ವಾಕರ ವಿಚಾರ ನಮಗೆ ಗೊತ್ತಿರುವುದು ಬಹುಪಾಲು ಅವರ ಎದುರಾಳಿಗಳು ಖಂಡಿಸಲೆಂದು ಎತ್ತಿಕೊಂಡ ತುಣುಕುಗಳಿಂದ. ಇಡೀ ಗ್ರಂಥವಾಗಿ ಆ ಕಡೆಯದೆಂದು ಕೈಗೆ ಸಿಕ್ಕಿರುವುದು ಜಯರಾಶಿ ಭಟ್ಟನ ‘ತತ್ತ್ವೋಪಪ್ಲವಸಿಂಹ’. ಬರೆದದ್ದು ಎಂಟು ಒಂಬತ್ತನೆಯ ಶತಮಾನದ ಸುಮಾರಿಗೆ. ಅದರ ಓಲೆಗರಿಯ ಪ್ರತಿ ಸಿಕ್ಕಿದ್ದು 1926ರಲ್ಲಿ, ಪಾಟಣದ ಜೈನ ಭಂಡಾರದಲ್ಲಿ. ಹದಿಮೂರನೆಯ ಶತಮಾನದಲ್ಲಿ ಯಾರೋ ನಕಲು ಮಾಡಿ ಕಟ್ಟಿಟ್ಟದ್ದು. ವಾದದಲ್ಲಿ ಗೆಲ್ಲಬೇಕಾದರೆ ಎದುರಾಳಿಯ ಪುಸ್ತಕ ಮನೆಯಲ್ಲಿರಬೇಕು ಎಂಬ ಜಾಣತನ ಜೈನ ಮುನಿಗಳಿಗಿತ್ತು. ಮೇಲಾಗಿ ಪುಸ್ತಕ ಎಂದರೆ ಅವರಿಗೆ ಜ್ಞಾನ, ಜ್ಞಾನವನ್ನು ಕಸಕ್ಕೆ ಹಾಕುವಂತಿಲ್ಲ. ದೀಪಾವಳಿಗೆ ಮುಚ್ಚಿದ ಅಂಗಡಿಗಳು ಇಲ್ಲಿ ಲಾಭ ಪಾಂಚಮ್ ದಿನ ಬಾಗಿಲು ತೆರೆಯುತ್ತವಲ್ಲ, ಅದೇ ದಿನ ಜೈನರಿಗೆ ಜ್ಞಾನ ಪಂಚಮಿ. ಭಂಡಾರದ ಗ್ರಂಥಗಳನ್ನು ಹೊರತೆಗೆದು ಧೂಳು ಕೊಡವಿ ಪೂಜಿಸುವ ದಿನ. ಪರಲೋಕವೂ ಇಲ್ಲ ಪುಣ್ಯವೂ ಇಲ್ಲ ಎನ್ನುವ ಜಯರಾಶಿಯ ಕಟ್ಟೂ ಆ ದಿನಗಳಲ್ಲಿ ಉಳಿದವುಗಳ ಸಾಲಿನಲ್ಲೇ ಕೂತು ಗಂಧಾಕ್ಷತೆ ಹಾಕಿಸಿಕೊಂಡಿರಬೇಕು.

ಅದನ್ನು ಅಚ್ಚಿಗೆ ತಂದವರು ಪಂಡಿತ ಸುಖಲಾಲ್ ಸಂಘವಿ ಮತ್ತು ರಸಿಕಲಾಲ್ ಪರೀಖ್. 1940ರಲ್ಲಿ, ಇದೇ ವಡೋದರೆಯಲ್ಲಿ, ಬರೋಡಾದ ದೊರೆ ಸಯಾಜಿರಾಯರು ಆರಂಭಿಸಿದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ 87ನೆಯ ಹೊತ್ತಗೆಯಾಗಿ. ಸುಖಲಾಲ್‌ಜಿ ಜೈನರು. ಹದಿನಾರರ ವಯಸ್ಸಿನಲ್ಲಿ ಸಿಡುಬಿನಿಂದ ಎರಡೂ ಕಣ್ಣು ಕಳೆದುಕೊಂಡವರು. ಬೇರೆಯವರು ಓದಿ ಹೇಳಿದ್ದನ್ನು ಕೇಳಿ ಕೇಳಿಯೇ ಕಾಶಿಯಲ್ಲಿ ನ್ಯಾಯಶಾಸ್ತ್ರ ಅರಗಿಸಿಕೊಂಡು, ಗಾಂಧಿಯವರ ಗುಜರಾತ್ ವಿದ್ಯಾಪೀಠದಲ್ಲಿ ಪಾಠ ಹೇಳಿದವರು. ಚಾರ್ವಾಕರ ಮೂಲಮಂತ್ರವೇ ಪ್ರತ್ಯಕ್ಷ. ಕಣ್ಣಿಗೆ ಕಂಡದ್ದನ್ನು ಮಾತ್ರ ಒಪ್ಪು ಎಂಬುದು. ಅವರ ಪುಸ್ತಕವನ್ನು ಲೋಕಕ್ಕೆ ಕಾಣಿಸಲು ಕಣ್ಣಿಲ್ಲದ ಜೈನ ಪಂಡಿತರೇ ಬೇಕಾಯಿತು. ಇನ್ನೊಂದು ತಮಾಷೆ ಆ ಪುಸ್ತಕದ ಒಳಗಿದೆ. ಜಯರಾಶಿ ಕಣ್ಣನ್ನೂ ನಂಬುವುದಿಲ್ಲ. ಅನುಮಾನ, ಆಗಮಗಳ ಜೊತೆಗೆ ಪ್ರತ್ಯಕ್ಷವನ್ನೂ ಉರುಳಿಸುತ್ತಾನೆ. ದೇವರಿಲ್ಲ ಎನ್ನುವುದಕ್ಕಾದರೂ ಒಂದು ಪ್ರಮಾಣ ಬೇಕಲ್ಲ, ಅದನ್ನೂ ಉಳಿಸದ ಭೂಪ. ಪುಸ್ತಕದ ಹೆಸರಿನಲ್ಲೇ ಸಿಂಹ ಇಟ್ಟುಕೊಂಡದ್ದು ಸುಮ್ಮನೆ ಅಲ್ಲ.

ಹಳೆಯ ಗ್ರಂಥಗಳ ವಿಷಯದಲ್ಲಿ ನಮ್ಮ ಮೈಸೂರೂ ಹಿಂದೆ ಬಿದ್ದಿಲ್ಲ ಎಂದು ನಾನು ಊರಭಿಮಾನ ತೋರಿಸಿದೆ. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರಲ್ಲ, ಅದರಲ್ಲಿ ರಾಜಕುಮಾರ ಕಲಿಯಬೇಕಾದ ತರ್ಕವಿದ್ಯೆಗಳ ಪಟ್ಟಿ ಹೀಗಿದೆ: ಸಾಂಖ್ಯ, ಯೋಗ, ಲೋಕಾಯತ. ಕೌಟಿಲ್ಯನ ಕಾಲಕ್ಕೆ ಲೋಕಾಯತ ಸಿಲೆಬಸ್ಸಿನಲ್ಲಿತ್ತು. ರಾಯರು ತಮ್ಮದೂ ಒಂದು ಸೇರಿಸಿದರು. ದಕ್ಷಿಣ ಕನ್ನಡದಲ್ಲಿ, ಕಾಣಿಯೂರಿನ ಹತ್ತಿರ, ಚಾರ್ವಾಕ ಎಂಬ ಊರೇ ಇದೆ. ಅಲ್ಲೊಂದು ದೇವಸ್ಥಾನ. ದೇವರ ಹೆಸರು ಕಪಿಲೇಶ್ವರ! ಈಶ್ವರನ ಅಗತ್ಯವಿಲ್ಲ ಎಂದ ಸಾಂಖ್ಯದ ಮೂಲಪುರುಷನ ಹೆಸರಿನ ಈಶ್ವರ, ಚಾರ್ವಾಕದಲ್ಲಿ. ಊರ ಹೆಸರಿಗೂ ಆ ಚಾರ್ವಾಕರಿಗೂ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ನಗಲು ನಂಟೇಕೆ ಬೇಕು?

ವೈನಿ ಚಹಾ ತಂದು ಗೋಡೆಯ ಮೇಲಿಟ್ಟರು. ‘ದೇವರಿಲ್ಲ ಅನ್ನೂದನ್ನ ಇಷ್ಟು ಭಕ್ತಿಯಿಂದ ಮಾತಾಡೋ ಮಂದಿನ್ನ ನಾ ಎಲ್ಲೂ ನೋಡಿಲ್ಲ’ ಎಂದು ಒಳಗೆ ಹೋದರು. ಅವರ ಮಾತಿನಲ್ಲಿ ಹುರುಳಿದೆ. ಎ. ಎನ್. ಮೂರ್ತಿರಾಯರು ‘ದೇವರು’ ಬರೆದು 1991ರಲ್ಲಿ ಪ್ರಕಟಿಸಿದಾಗ ಅವರಿಗೆ ತೊಂಬತ್ತು ದಾಟಿತ್ತು. ಜೀವಮಾನವೆಲ್ಲ ಹಗುರವಾದ ಲಲಿತ ಪ್ರಬಂಧ ಬರೆದ ಹಿರಿಯರು, ದೇವರ ಹೆಸರು ಹೇಳಿಕೊಂಡು ಕೂರಬೇಕಾದ ವಯಸ್ಸಿನಲ್ಲಿ, ಅವನಿಲ್ಲ ಎಂಬುದನ್ನು ಅಷ್ಟು ಶ್ರದ್ಧೆಯಿಂದ ಕೂತು ಬರೆದರು. ಬೈಗುಳದ ಧ್ವನಿ ಎಲ್ಲೂ ಇಲ್ಲ. ಮೂರ್ತಿರಾಯರು ಆಮೇಲೂ ಹತ್ತು ವರ್ಷಕ್ಕೆ ಮಿಕ್ಕಿ ನೆಮ್ಮದಿಯಾಗಿ ಬದುಕಿದರು.

ಸೂರತ್ತಿನ ನರ್ಮದನಿಗೆ ಅಷ್ಟು ನೆಮ್ಮದಿ ಸಿಗಲಿಲ್ಲ. ಗುಜರಾತಿಗರು ಎದ್ದು ನಿಂತು ಹಾಡುವ ‘ಜಯ ಜಯ ಗರವೀ ಗುಜರಾತ್’ ಇವನದೇ. ಮೊದಲ ದೊಡ್ಡ ಗುಜರಾತಿ ನಿಘಂಟು ‘ನರ್ಮಕೋಶ’ ಕೂಡ ಇವನದೇ. 1860ರಲ್ಲಿ ಮುಂಬಯಿಯಲ್ಲಿ ವೈಷ್ಣವ ಗುರು ಜದುನಾಥಜೀ ಮಹಾರಾಜರ ಜೊತೆ ವಿಧವಾ ವಿವಾಹದ ಬಗ್ಗೆ ಬಹಿರಂಗ ವಾದಕ್ಕೆ ನಿಂತ. ಮಹಾರಾಜರು ವಿಧವೆಯರ ವಿಷಯ ಎತ್ತುವ ಮೊದಲೇ, ಶಾಸ್ತ್ರ ದೇವರೇ ಕೊಟ್ಟದ್ದು ಎಂದು ಒಪ್ಪುತ್ತೀಯೋ ಇಲ್ಲವೋ ಅದನ್ನು ಹೇಳು ಎಂದು ಪಟ್ಟು ಹಿಡಿದರು. ನೋಡಿ, ಮತ್ತೆ ಅದೇ ಮನುವಿನ ತಕ್ಕಡಿ! ನರ್ಮದ ಒಪ್ಪಲಿಲ್ಲ, ಸಭೆ ಗಲಾಟೆಯಲ್ಲಿ ಮುರಿಯಿತು. ಜನ ಅವನನ್ನು ಧರ್ಮಗೇಡಿ ಅಂದರು. ಕೊನೆಕೊನೆಗೆ ಅವನೇ ಮನಸ್ಸು ಬದಲಿಸಿ ಹಳೆಯ ಧರ್ಮದ ಕಡೆ ಹೊರಳಿ ‘ಧರ್ಮವಿಚಾರ’ ಬರೆದ. ಆಗ ಸುಧಾರಕ ಗೆಳೆಯರು ಮುಖ ತಿರುಗಿಸಿದರು.

ಧರ್ಮವಿಲ್ಲದವನು ಎನ್ನಿಸಿಕೊಳ್ಳುವುದು ಹೀಗೆ ಹರಟೆಗೆ ಚೆನ್ನ. ಬಿಸಿಲಿನಲ್ಲಿ ಸೂಟ್‌ಕೇಸು ಹಿಡಿದು ನಿಂತಾಗ ಚೆನ್ನಲ್ಲ. 1917ರಲ್ಲಿ ಅಂಬೇಡ್ಕರರು ಬರೋಡಾ ಸಂಸ್ಥಾನದ ಕೆಲಸಕ್ಕೆಂದು ಬಂದರು, ಕೊಲಂಬಿಯಾದಲ್ಲಿ ಓದಿ. ಉಳಿಯಲು ಜಾಗವಿಲ್ಲ. ಅಸ್ಪೃಶ್ಯರೆನಿಸಿಕೊಂಡವರು ಹಿಂದೂ ಹೋಟೆಲಿಗೆ ಹೋಗುವಂತಿಲ್ಲ. ಪಾರ್ಸಿ ವಸತಿಗೃಹ ಪಾರ್ಸಿಗಳಿಗೆ ಮಾತ್ರ. ಅಲ್ಲಿನ ಮೇಲ್ವಿಚಾರಕನ ಒಪ್ಪಿಗೆಯಿಂದ ಪಾರ್ಸಿ ಹೆಸರೊಂದನ್ನು ಪುಸ್ತಕದಲ್ಲಿ ಬರೆಸಿ ಉಳಿದುಕೊಂಡರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಬಾಗಿಲಿಗೆ ಬಂತು. ಅವರ ಮೊದಲ ಪ್ರಶ್ನೆ ‘ತಮೇ ಕೇವಾ’ ಎಂಬುದೇ, ಮಾತು ಮಾತ್ರ ಬೇರೆ. ಹೊರಬಿದ್ದ ಅಂಬೇಡ್ಕರರು ಹಿಂದೂ ಗೆಳೆಯರನ್ನು ಕೇಳಿದರು, ಕ್ರೈಸ್ತ ಗೆಳೆಯರನ್ನು ಕೇಳಿದರು. ಒಬ್ಬರಿಗೆ ಆಳುಕಾಳು ಬಿಟ್ಟುಹೋದಾರೆಂಬ ಭಯ, ಇನ್ನೊಬ್ಬರಿಗೆ ಹೆಂಡತಿಯನ್ನು ಕೇಳಬೇಕು. ಈಗ ಸಯಾಜಿ ಬಾಗ್ ಎನ್ನುವ ಕ‌ಮಾಟಿ ಬಾಗಿನಲ್ಲಿ ರೈಲಿನ ಹೊತ್ತಿನವರೆಗೆ ಕೂತಿದ್ದರು. ನಾವು ಭಾನುವಾರ ಮೊಮ್ಮಕ್ಕಳಿಗೆ ಹುಲಿ ತೋರಿಸಲು ಹೋಗುವ ತೋಟ ಅದು.

ಇಷ್ಟಾದರೂ ತಮ್ಮನ್ನು ತಾವೇ ನಾಸ್ತಿಕ ಎಂದು ಕರೆದುಕೊಂಡು, ಅದೇ ಹೆಸರಿನಲ್ಲಿ ಆಶ್ರಮವನ್ನೂ ಕಟ್ಟಿದವರು ಆಂಧ್ರದ ಗೋರಾ, ಅಂದರೆ ಗೋಪರಾಜು ರಾಮಚಂದ್ರರಾವ್. ನಾಸ್ತಿಕತೆಯ ಕಾರಣಕ್ಕೆ ಕಾಲೇಜಿನ ಕೆಲಸ ಕಳೆದುಕೊಂಡು 1940ರಲ್ಲಿ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ತೆರೆದವರು. 1944ರ ಕೊನೆಯಲ್ಲಿ ಸೇವಾಗ್ರಾಮಕ್ಕೆ ಹೋದರು. ಗಾಂಧಿ ಕೇಳಿದ್ದು ವಕೀಲರ ಪ್ರಶ್ನೆ: ದೇವರಿಲ್ಲದಿರುವುದಕ್ಕೂ ನಾಸ್ತಿಕತೆಗೂ ಏನು ವ್ಯತ್ಯಾಸ? ಮೊದಲನೆಯದು ಬರೀ ಇಲ್ಲವೆನ್ನುವುದು, ಎರಡನೆಯದು ಆಮೇಲೆ ಮನುಷ್ಯ ತನ್ನ ಕಾಲ ಮೇಲೆ ನಿಲ್ಲುವುದು ಎಂಬರ್ಥದ ಉತ್ತರ ಕೊಟ್ಟರು ಗೋರಾ. ಪಾಣಿನಿ ಖಾಲಿ ಬಿಟ್ಟ ಜಾಗಕ್ಕೆ ಇವರು ತಮ್ಮದೊಂದನ್ನು ತುಂಬಿದರು. ಇಬ್ಬರ ನಡುವೆ ಸ್ನೇಹ ಬೆಳೆಯಿತು. ಗೋರಾ ತಮ್ಮ ಮಗಳನ್ನು ಅಸ್ಪೃಶ್ಯರೆನಿಸಿಕೊಂಡವರ ಮನೆಗೆ ಕೊಡಲು ನಿಶ್ಚಯಿಸಿದಾಗ, ಆಶ್ರಮದ ಮದುವೆಯ ವಿಧಿಯಲ್ಲಿ ದೇವರ ಹೆಸರಿದ್ದ ಕಡೆ ಸತ್ಯ ಎಂದು ಬದಲಿಸಲು ಗಾಂಧಿ ಒಪ್ಪಿದರು. ಮದುವೆ ನಡೆಯುವ ಹೊತ್ತಿಗೆ ಅವರಿರಲಿಲ್ಲ. ಗೋರಾ ಇದನ್ನೆಲ್ಲ ಬರೆದ ಪುಸ್ತಕವನ್ನು 1951ರಲ್ಲಿ ಪ್ರಕಟಿಸಿದ್ದು ಯಾರು ಗೊತ್ತೇ? ಅಹಮದಾಬಾದಿನ ನವಜೀವನ. ಗಾಂಧಿಯವರ ಸ್ವಂತ ಮುದ್ರಣಾಲಯ, ರಾಮನಾಮದ ಮೇಲೆ ಪುಸ್ತಕ ಅಚ್ಚು ಹಾಕಿದ ಮನೆ. ಪಾಟಣದ ಭಂಡಾರದ ಗಾಳಿ ಅಲ್ಲಿಯವರೆಗೂ ಬೀಸಿತ್ತು ಎನ್ನೋಣ.

ಈಗಿನ ಕಾಲದಲ್ಲಿ ಈ ಪದವನ್ನು ಬೇಡಿ ಪಡೆಯಲು ಹೊರಟವರ ಫಜೀತಿ ಬೇರೆ. ಇಲ್ಲಿ ಗುಜರಾತಿನ ಒಂದು ಚಿಕ್ಕ ಪದದ ಪರಿಚಯ ಬೇಕು: ‘ಬಿನ್’. ಇಲ್ಲದ, ಅಲ್ಲದ ಎಂದರ್ಥ. ಹೊಲವನ್ನು ಸೈಟು ಮಾಡಿಸಿದರೆ ಅದು ‘ಬಿನ್‌ಖೇತಿ’. ದಲಾಲರ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತು. ಸೆಕ್ಯುಲರ್ ಎಂಬುದಕ್ಕೆ ಗುಜರಾತಿ ಪತ್ರಿಕೆಗಳು ಬರೆಯುವುದೂ ‘ಬಿನ್‌ಸಾಂಪ್ರದಾಯಿಕ’. ನಮ್ಮ ಕನ್ನಡದಲ್ಲಿ ಅದಕ್ಕೆ ‘ಜಾತ್ಯತೀತ’. ಧರ್ಮದ ಮಾತಾಡಬೇಕಾದಲ್ಲಿ ಜಾತಿಯನ್ನು ಎಳೆತಂದು ಪಕ್ಷದ ಹೆಸರಿಗೆ ಬಾಲವಾಗಿ ಕಟ್ಟಿದ್ದೇವೆ. ಇರಲಿ. ಹೊಲ ಬಿನ್‌ಖೇತಿ ಆಗಬೇಕಾದರೆ ಕಲೆಕ್ಟರ ಕಚೇರಿಗೆ ಅರ್ಜಿ. ‘ಅಶಾಂತ್ ಧಾರೋ’, ಅಂದರೆ ಗಲಭೆಪೀಡಿತ ಪ್ರದೇಶಗಳ ಕಾಯ್ದೆ, ಜಾರಿಯಲ್ಲಿರುವ ಬಡಾವಣೆಯಲ್ಲಿ ಮನೆ ಮಾರಬೇಕಾದರೂ ಕಲೆಕ್ಟರ ಒಪ್ಪಿಗೆ; 1991ರ ಈ ಕಾಯ್ದೆಯ ಪ್ರದೇಶಗಳು ಅಹಮದಾಬಾದು, ವಡೋದರ, ಸೂರತ್ತು ಮೂರರಲ್ಲೂ ಇವೆ. 2003ರ ಗುಜರಾತ್ ಧರ್ಮ ಸ್ವಾತಂತ್ರ್ಯ ಕಾಯ್ದೆಯ ಪ್ರಕಾರ ಮತಾಂತರಕ್ಕೂ ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು, ಅಂದರೆ ಅದೇ ಕಲೆಕ್ಟರು. ಹೊಲ, ಮನೆ, ದೇವರು ಮೂರೂ ಒಂದೇ ಟೇಬಲ್ಲು.

ಅಹಮದಾಬಾದಿನ ಆಟೋ ಚಾಲಕರೊಬ್ಬರು ಆ ಟೇಬಲ್ಲಿಗೆ ಹೋದರು. ತಾನು ಹಿಂದೂ ಎಂದು ದಾಖಲೆಯಲ್ಲಿದೆ, ತನಗೆ ಯಾವ ಧರ್ಮವೂ ಬೇಡ, ವಿಚಾರವಾದಿ ಎಂದು ಬದಲಿಸಿಕೊಡಿ ಎಂದು ಅರ್ಜಿ. 2017ರಲ್ಲಿ ಅರ್ಜಿ ವಾಪಸು ಬಂತು. ಕಾರಣ ಸರಳ: ಒಂದು ಧರ್ಮದಿಂದ ಇನ್ನೊಂದಕ್ಕೆ ಹೋಗಲು ಕಾಯ್ದೆಯಲ್ಲಿ ದಾರಿ ಇದೆ, ಯಾವುದಕ್ಕೂ ಹೋಗದೆ ಇರಲು ದಾರಿ ಇಲ್ಲ. 2019ರಲ್ಲಿ ಅವರು ಹೈಕೋರ್ಟಿನ ಬಾಗಿಲು ತಟ್ಟಿದರು. ಅದೇ ವರ್ಷ ತಮಿಳುನಾಡಿನ ತಿರುಪತ್ತೂರಿನ ತಹಶೀಲ್ದಾರರು ಒಬ್ಬ ವಕೀಲೆಗೆ ಜಾತಿಯೂ ಇಲ್ಲ ಧರ್ಮವೂ ಇಲ್ಲ ಎಂಬ ಸರ್ಟಿಫಿಕೇಟು ಕೊಟ್ಟರು. ಅದನ್ನು ನೋಡಿ 2022ರಲ್ಲಿ ಸೂರತ್ತಿನ ಮಹಿಳೆಯೊಬ್ಬರು ನನಗೂ ಅಂಥದ್ದು ಕೊಡಿಸಿ ಎಂದು ಗುಜರಾತ್ ಹೈಕೋರ್ಟಿಗೆ ಹೋದರು. ಸಾವಿರಾರು ವರ್ಷ ಬೇಡಬೇಡವೆಂದರೂ ಪುಕ್ಕಟೆಯಾಗಿ ಹಚ್ಚುತ್ತಿದ್ದ ಪಟ್ಟಿ ಅದು. ಈಗ ಬೇಕು ಅಂದವರಿಗೆ ಸ್ಟಾಂಪ್ ಪೇಪರು, ವಕೀಲರ ಫೀಸು, ವಾಯಿದೆ! ಮುಂಬಯಿ ಹೈಕೋರ್ಟು 2014ರಲ್ಲೇ ಹೇಳಿತ್ತು, ಸರ್ಕಾರ ಯಾರನ್ನೂ ಧರ್ಮ ಬರೆಯುವಂತೆ ಒತ್ತಾಯಿಸುವಂತಿಲ್ಲ, ಯಾವುದೂ ಇಲ್ಲ ಎನ್ನುವ ಹಕ್ಕು ಸಂವಿಧಾನದಲ್ಲಿದೆ ಎಂದು. ಅರ್ಜಿಗಳ ಧರ್ಮದ ಕಾಲಂ ಮಾತ್ರ ಇನ್ನೂ ಹೈಕೋರ್ಟಿನ ತೀರ್ಪು ಓದಿದ ಹಾಗೆ ಕಾಣುವುದಿಲ್ಲ.

2011ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ನಾಸ್ತಿಕ ಎಂದು ಬರೆಸಿದವರು 33 ಸಾವಿರದಷ್ಟು ಮಂದಿ. ಧರ್ಮ ಹೇಳದೆ ಬಿಟ್ಟವರು 29 ಲಕ್ಷದ ಹತ್ತಿರ. ಬರೆಸಿದವರು ಕಮ್ಮಿ, ಸುಮ್ಮನಿದ್ದವರು ಜಾಸ್ತಿ. ನನಗೇನೋ ಆ ಸುಮ್ಮನಿದ್ದವರ ಮೇಲೆ ಪ್ರೀತಿ; ಅವರು ಪಾಣಿನಿಯ ಹಾಗೆ, ಏನಿಲ್ಲ ಎಂದು ಹೇಳುವುದಿಲ್ಲ. ರಾಯರು ಹಾಗಲ್ಲ. 2027ರ ಗಣತಿಯವರು ಮನೆಗೆ ಬರುವುದನ್ನೇ ಕಾಯುತ್ತಿದ್ದಾರೆ.

‘ಈ ಸಲ ಬಿಡಂಗಿಲ್ಲ. ಧರ್ಮದ ಮುಂದ ನಾಸ್ತಿಕ ಅಂತ ದಪ್ಪ ಅಕ್ಷರದಾಗ ಬರಸ್ತೀನಿ. ಬರಿಯೂದಿಲ್ಲ ಅಂದ್ರ ಅಂವನ್ನ ಗೇಟು ದಾಟಲಿಕ್ಕೆ ಬಿಡೂದಿಲ್ಲ’ ಎಂದು ಹೀಂಚಕೋವನ್ನು ಕಾಲಿನಿಂದ ಜೋರಾಗಿ ಒದ್ದರು.

ಒಳಗಿನಿಂದ ವೈನಿಯ ದನಿ ಬಂತು: ‘ಬರಸ್ರಿ, ಯಾರು ಬ್ಯಾಡ ಅಂತಾರ. ಆದ್ರ ನಾಳಿ ಏಕಾದಶಿ. ನಾಸ್ತಿಕರಿಗೆ ಅನ್ನ ಸಾರು ಮಾಡ್ಲೋ, ಇಲ್ಲಾ ಎಂದಿನಂಗ ಸಾಬೂದಾಣಿ ಖಿಚಡಿ ಬೇಕೋ, ಈಗ ಹೇಳಿಬಿಡ್ರಿ. ನೆನಿ ಹಾಕ್ಬೇಕು.’

ರಾಯರು ಗೋಡೆಯ ಕಡೆ ಒಮ್ಮೆ, ಅಡಿಗೆ ಮನೆಯ ಕಡೆ ಒಮ್ಮೆ ನೋಡಿದರು. ‘ಶೇಂಗಾದ ಪುಡಿ ಸ್ವಲ್ಪ ಜಾಸ್ತಿ ಹಾಕು’ ಅಂದರು.